ಫೋನಿನ ಕಿವಿ ಬಲ್ಲ ಕಾಕೂ

ಅವರ ಬಲಗಣ್ಣಿನ ಸುತ್ತ ಬಳೆ ಒತ್ತಿಟ್ಟಂಥ ಒಂದು ದುಂಡನೆಯ ಗುರುತಿತ್ತು. ಗಂಡ ತೀರಿಕೊಂಡ ಮೇಲೆ ಗಡಹಿಂಗ್ಲಜ ಬಸ್ ಸ್ಟ್ಯಾಂಡ್ ಹತ್ತಿರದ ಗಡಿಯಾರ ರಿಪೇರಿ ಅಂಗಡಿಯಲ್ಲಿ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕೂತು ಕೂತು ಆದ ಗುರುತು. ಗಡಿಯಾರ ಕಟ್ಟುವವರು ಕಡಿಮೆಯಾದಾಗ ಅದೇ ಕುರ್ಚಿಯಲ್ಲಿ ಕೂತು ಮೊಬೈಲ್ ಬಿಚ್ಚಲು ಕಲಿತರು. ಜೈನರ ಮನೆಯ ಹೆಂಗಸು ಮೊಬೈಲ್ ರಿಪೇರಿ ಮಾಡುತ್ತಾಳಂತೆ ಎಂದು ಮೊದಮೊದಲು ಮಂದಿ ನಕ್ಕರಂತೆ. ನಕ್ಕವರೇ ಆಮೇಲೆ ಅವರ ಮುಂದೆ ಪಾಳಿ ಹಚ್ಚಿದರು. ನಮಗೆಲ್ಲ ಅವರು ಮೊಬೈಲ್ ಕಾಕೂ, ಅಂದರೆ ಮೊಬೈಲ್ ಚಿಕ್ಕಮ್ಮ.

ಬರಬರುತ್ತ ಫೋನ್ ಮಾರಲೂ ತೊಡಗಿದರು. ಆದರೆ ಯಾವ ಫೋನ್ ಬೇಕು ಎಂದು ಕಾಕೂ ಯಾರನ್ನೂ ಕೇಳುತ್ತಿರಲಿಲ್ಲ. ಊರು ಯಾವುದು, ಮನೆ ಗುಡ್ಡದ ಈ ಕಡೆಯೋ ಆ ಕಡೆಯೋ, ಅಲ್ಲಿ ಯಾವ ಕಂಪನಿಯ ಸಿಮ್ ಹತ್ತುತ್ತದೆ, ಇವು ಅವರ ಪ್ರಶ್ನೆಗಳು. ಉತ್ತೂರ ಕಡೆಯ ರೈತರೊಬ್ಬರು ಫೈವ್ ಜಿ ಫೋನೇ ಬೇಕೆಂದು ಹಟ ಹಿಡಿದಾಗ, ನಿಮ್ಮ ಹೊಲಕ್ಕೆ ಫೈವ್ ಜಿ ಇನ್ನೂ ಬಂದಿಲ್ಲ, ಅದು ಬಂದ ಮೇಲೆ ನೀವೂ ಬನ್ನಿ ಎಂದು ಸಾಗಹಾಕಿದರು. ವ್ಯಾಪಾರಕ್ಕೆ ಕೂತವರು ಹೀಗೂ ಮಾಡುತ್ತಾರೆಯೇ? "ಹೊಳಪ ನೋಡಬ್ಯಾಡ್ರಿ, ಅದರ ಕಿವಿ ನೋಡ್ರಿ" ಎನ್ನುವುದು ಅವರ ದಿನದ ಮಾತು. ನಮ್ಮೂರ ಟವರ್ ಆಡಿದ್ದು ಕೇಳಿಸದಿದ್ದರೆ ಎಂಥ ಫೋನೂ ಬರೀ ಮುಖ ನೋಡಿಕೊಳ್ಳುವ ಕನ್ನಡಿ ಎನ್ನುತ್ತಿದ್ದರು.

ನಾನು ಬೆಳಗಾವಿ ಕಡೆಯವಳು, ಗಡಿಯಾಚೆ ಮಹಾರಾಷ್ಟ್ರದ ಚಂದಗಡ ತಾಲೂಕಿನ ಗುಡ್ಡದ ಊರಿಗೆ ಸೊಸೆಯಾಗಿ ಬಂದವಳು. ಭತ್ತದ ನಾಟಿ, ಕೊಯ್ಲು ಮುಗಿದರೆ ನಮ್ಮೂರ ಹೆಂಗಸರಿಗೆ ಕೆಲಸವಿಲ್ಲ. ಹನ್ನೆರಡು ಮಂದಿ ಸೇರಿ ಹೊಲಿಗೆ ಕಲಿತೆವು. ಇಚಲಕರಂಜಿಯ ಬಟ್ಟೆ ಕಾರ್ಖಾನೆಯ ಮಾಲೀಕರೊಬ್ಬರು ಶಾಲೆಯ ಯುನಿಫಾರ್ಮ್ ಹೊಲಿಯುವ ಕೆಲಸ ಕೊಡಲು ಒಪ್ಪಿದರು. ಒಂದೇ ಕರಾರು: ಅವರು ಫೋನ್ ಹಚ್ಚಿದಾಗ ಎತ್ತಬೇಕು, ಆಮೇಲೆ ವಿಡಿಯೋದಲ್ಲಿ ಹೊಲಿಗೆ ತೋರಿಸಬೇಕು. ಮೊದಲ ಸಲ ನನ್ನ ಫೋನ್ ಹತ್ತಲೇ ಇಲ್ಲ. ಎರಡನೇ ಸಲ, ನಮ್ಮ ಗುಂಪಿನವಳೊಬ್ಬಳಿಗೆ ಅವಳಣ್ಣ ಪರದೇಶದಿಂದ ತಂದುಕೊಟ್ಟಿದ್ದ ದೊಡ್ಡ ಫೈವ್ ಜಿ ಫೋನನ್ನು ನಂಬಿದೆವು. ಅದೂ ಕೈಕೊಟ್ಟಿತು. ನಾಳೆ ಹನ್ನೊಂದಕ್ಕೆ ಕೊನೆಯ ಸಲ ನೋಡುತ್ತೇನೆ, ಆಗಲಿಲ್ಲವೆಂದರೆ ಕೆಲಸ ಬೇರೆ ಊರಿಗೆ ಎಂದು ಮಾಲೀಕರು ಹೇಳಿ ಕಳಿಸಿದರು. ನಮ್ಮೂರಿನ ಹೊಸ ಟವರಿಗೆ ಹಿಡಿಶಾಪ ಹಾಕುತ್ತ ಎರಡೂ ಫೋನ್ ಚೀಲಕ್ಕೆ ತುರುಕಿಕೊಂಡು ಮಧ್ಯಾಹ್ನದ ಬಸ್ ಹತ್ತಿದೆ.

ಕಾಕೂ ಪರದೇಶದ ಫೋನನ್ನು ತಿರುವಿ ನೋಡಿ, ಕಂಪ್ಯೂಟರಿನಲ್ಲಿ ಅದರ ಜಾತಕ ತೆಗೆದರು. ಇದು ಆ ದೇಶದ ಟವರುಗಳಿಗೆಂದು ಮಾಡಿದ ಫೋನು, ಕೋಲ್ಹಾಪುರದ ಪೇಟೆಯಲ್ಲಿ ಹೇಗೋ ನಡೆದೀತು, ನಿಮ್ಮ ಗುಡ್ಡದ ಟವರ್ ಬಿಡುವ ತರಂಗ ಇದಕ್ಕೆ ಕೇಳಿಸುವುದೇ ಇಲ್ಲ ಎಂದು ಪಕ್ಕಕ್ಕಿಟ್ಟರು. ಆಮೇಲೆ ನನ್ನ ಹಳೇ ಡಬ್ಬಾ ಫೋನಿನ ಬೆನ್ನು ತೆಗೆದು, ಸಿಮ್ ಕೂರಿಸುವ ಎರಡು ಮನೆ ನೋಡಿ ಹುಬ್ಬೇರಿಸಿದರು.

"ಈ ಕರ್ನಾಟಕದ ಸಿಮ್ ಯಾಕ ಮೊದಲನೇ ಮನ್ಯಾಗ ಹಾಕೀ?"

"ತವರಮನಿ ನಂಬರ್ ರೀ ಕಾಕೂ. ಅದನ್ನ ಎರಡನೇದಕ್ಕ ಹೆಂಗ ಹಾಕೂದು?"

ನಮ್ಮಲ್ಲಿ ಹಾಗೇ. ಗಡಿಯ ಆಚೆಯಿಂದ ಬಂದ ಸೊಸೆಯಂದಿರೆಲ್ಲ ತವರಿನ ಸಿಮ್ ಮೊದಲು, ಗಂಡನ ಮನೆಯದು ಆಮೇಲೆ ಹಾಕಿಕೊಳ್ಳುವವರು. ಯಾರೂ ಹೇಳಿಕೊಟ್ಟದ್ದಲ್ಲ. ಕಾಕೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ತವರಿಗೆ ಪಡಸಾಲಿ ಕೊಟ್ಟು ಗಂಡನ ಮನಿಯವರನ್ನ ದನದ ಕೊಟಗ್ಯಾಗ ಕುಂದ್ರಿಸೀಯಲ್ಲ ತಂಗಿ."

ನನ್ನ ಫೋನಿನಲ್ಲಿ ಮೊದಲನೇ ಮನೆಗೆ ಮಾತ್ರ ಫೋರ್ ಜಿ ತಿಳಿಯುತ್ತದೆ, ಎರಡನೆಯದಕ್ಕೆ ಹಳೇ ಟೂ ಜಿ ಒಂದೇ ಗೊತ್ತು. ನಮ್ಮ ಹೊಸ ಟವರಿನ ಕಂಪನಿಯೋ ಫೋರ್ ಜಿ ಬಿಟ್ಟರೆ ಬೇರೆ ಮಾತೇ ಆಡುವುದಿಲ್ಲ. ಒಂದು ವರ್ಷದಿಂದ ನಾನು ಆ ಸಿಮ್ಮನ್ನು ಕಿವುಡರ ಮನೆಯಲ್ಲಿ ಕೂಡಿಹಾಕಿ ಟವರನ್ನು ಬೈಯುತ್ತಿದ್ದೆ. ನನ್ನ ಬುದ್ಧಿಗಿಷ್ಟು!

ಸಿಮ್ ಅದಲು ಬದಲು ಮಾಡಿದ ಕೂಡಲೇ ಸಿಗ್ನಲ್ಲಿನ ಗೆರೆಗಳು ಎದ್ದವು. ನಾನು ಚೀಲ ಎತ್ತಿಕೊಂಡೆ. ಕಾಕೂ ಬಿಡಲಿಲ್ಲ. ತಮ್ಮ ಫೋನಿನಿಂದ ಹಚ್ಚಿ ನೋಡಿದರೆ ನನ್ನದು ರಿಂಗಾಗಲಿಲ್ಲ. ಇಂಟರ್ನೆಟ್ ಬಂದಿದೆ, ಮಾತು ಬಂದಿಲ್ಲ. ಫೋರ್ ಜಿಯ ಮೇಲೆ ಮಾತಾಡುವುದನ್ನು ಈ ಫೋನಿಗೆ ಇನ್ನೂ ಕಲಿಸಬೇಕು ಎಂದು ಹೊಸ ಸಾಫ್ಟ್‌ವೇರ್ ಇಳಿಸಲು ಹಚ್ಚಿದರು. ಅದು ಅರ್ಧಕ್ಕೆ ನಿಂತಿತು. ಮತ್ತೆ ಹಚ್ಚಿದರು, ಮತ್ತೆ ನಿಂತಿತು. ಒಳಗಿನಿಂದ ಅವರ ಸೊಸೆ ಊಟಕ್ಕೆ ಎರಡು ಸಲ ಕರೆದು, ಕೊನೆಗೆ ಚಪಾತಿ, ಹೆಸರುಕಾಳಿನ ಪಲ್ಯದ ತಾಟನ್ನು ಅಂಗಡಿಗೇ ತಂದಿಟ್ಟಳು. ಕಾಕೂ ಅದನ್ನು ನನ್ನ ಕಡೆ ಸರಿಸಿ, ನೀನು ದೂರ ಹೋಗಬೇಕು, ಉಣ್ಣು ಎಂದರು. ನಾನು ಬೆಳಗಿನಿಂದ ಹಸಿದವಳು, ಬೇಡವೆನ್ನದೆ ಉಂಡೆ. ಬೀದಿಯ ದೀಪ ಹತ್ತುವ ಹೊತ್ತಿಗೆ ಫೋನ್ ರಿಂಗಾಯಿತು.

ಮರುದಿನ ಸರಿಯಾಗಿ ಹನ್ನೊಂದಕ್ಕೆ ಆ ಡಬ್ಬಾ ಫೋನ್ ಬಡಿದುಕೊಂಡ ಸದ್ದು ಊರಿಗೆಲ್ಲ ಕೇಳಿತು. ಮಾಲೀಕರು ಕಾಲರ್ ನೋಡಿದರು, ಕಾಜಾ ನೋಡಿದರು, ಹೊಲಿಗೆಯನ್ನು ಜಗ್ಗಿ ತೋರಿಸಲು ಹೇಳಿದರು. ಕೆಲಸ ನಿಮ್ಮದೇ ಎಂದರು. ಹನ್ನೆರಡು ಮಂದಿ ಹಾಕಿದ ಕೇಕೆಗೆ ಓಣಿಯ ಕೋಳಿಗಳು ಮಾಡು ಏರಿದವು. ಆ ಸಂಜೆಯೊಳಗೆ ಅಂಥ ಫೋನಿದ್ದ ನಮ್ಮೂರ ಸೊಸೆಯಂದಿರೆಲ್ಲ ಸಿಮ್ ಅದಲು ಬದಲು ಮಾಡಿದರು.

ಪೇಢೆ ಹಿಡಿದುಕೊಂಡು ಗಡಹಿಂಗ್ಲಜಕ್ಕೆ ಹೋದಾಗ ಅವರ ಸೊಸೆ ಮೆಲ್ಲಗೆ ಹೇಳಿದಳು. ಜೈನರ ನೇಮದಂತೆ ಕಾಕೂ ಹೊತ್ತು ಮುಳುಗಿದ ಮೇಲೆ ಅನ್ನ ನೀರು ಮುಟ್ಟುವವರಲ್ಲ. ಅವತ್ತು ಅವರು ಉಣ್ಣದೆ ಹಾಗೇ ಮಲಗಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

"ನಿಮ್ಮ ತಾಟ ನಾ ಉಂಡ್ನೆಲ್ರಿ ಕಾಕೂ."

ಕಾಕೂ ಬಿಚ್ಚಿದ ಫೋನಿನಿಂದ ತಲೆ ಎತ್ತಲಿಲ್ಲ. "ಮುಂಜಾನೆದ್ದು ನಾನೂ ಉಂಡ್ನೆವಾ. ಮಾಲೀಕ ಹೂಂ ಅಂದಾನಿಲ್ಲೋ, ಅದನ್ನ ಹೇಳು."

ಹೋದ ವರ್ಷ ಕಾಕೂ ತೀರಿಕೊಂಡರು. ಅಷ್ಟರಲ್ಲಿ ನಾವು ಮೂವತ್ತು ಮಂದಿಯಾಗಿದ್ದೆವು, ಸ್ವಂತ ಶೆಡ್ಡಿತ್ತು. ಸುದ್ದಿ ಬಂದ ಕೂಡಲೇ ಮಷಿನ್ ನಿಲ್ಲಿಸಿ, ಟೆಂಪೋ ಮಾಡಿಕೊಂಡು ಎಲ್ಲರೂ ಹೋದೆವು. ಅಷ್ಟು ಹೆಂಗಸರು ಒಮ್ಮೆಗೇ ಅಂಗಳಕ್ಕೆ ಬಂದದ್ದು ನೋಡಿ ಅವರ ನೆಂಟರೊಬ್ಬರು ಇವರೆಲ್ಲ ಯಾರು ಎಂದು ಕೇಳಿದರು. ಸೊಸೆ ಕಣ್ಣೊರೆಸಿಕೊಂಡು ನಮಗೆ ದಾರಿ ಬಿಡಿಸಿದಳು.

"ಒಳಗ ಬಿಡ್ರಿ. ಇವರು ನಮ್ಮ ಅತ್ತಿ ಮಂದಿ."