ತುರಿಸದ ತೋಳು

ನಮ್ಮ ದೊಡ್ಡಮ್ಮನಿಗೆ ಓಣಿಯಲ್ಲೆಲ್ಲ ಸೊಳ್ಳೆಯಮ್ಮ ಅಂತಲೇ ಹೆಸರು. ಸೊಳ್ಳೆಗಳ ಮೇಲೆ ಸಂಶೋಧನೆ ನಡೆಸುವ ಪ್ರಯೋಗಾಲಯದಲ್ಲಿ ಸೊಳ್ಳೆ ಸಾಕುವುದೇ ಅವಳ ಕೆಲಸ. ಬಿಳಿ ಟ್ರೇಗಳಲ್ಲಿ ಒದ್ದಾಡುವ ಮರಿಹುಳುಗಳಿಗೆ ಮೀನಿನ ಆಹಾರ ಉದುರಿಸಬೇಕು, ನೀರು ಬದಲಿಸಬೇಕು, ರೆಕ್ಕೆ ಬಂದವನ್ನು ಬಲೆಯ ಪಂಜರಕ್ಕೆ ದಾಟಿಸಬೇಕು. ಅಲ್ಲಿನ ಹೆಣ್ಣು ಸೊಳ್ಳೆಗಳು ಮೊಟ್ಟೆ ಇಡಬೇಕಾದರೆ ರಕ್ತ ಕುಡಿಯಬೇಕು. ಆಗ ದೊಡ್ಡಮ್ಮ ಪಂಜರದೊಳಗೆ ಎಡಗೈ ತೂರಿಸಿ, ಬಲಗೈಯಲ್ಲಿ ವಾರಪತ್ರಿಕೆ ಹಿಡಿದು ಕೂರುತ್ತಾಳೆ. ಅಲ್ಲೇ ಹುಟ್ಟಿ ಬೆಳೆದ ಸೊಳ್ಳೆಗಳಾದ್ದರಿಂದ ರೋಗದ ಭಯವಿಲ್ಲ. ಸಂಬಳ ಕೊಟ್ಟು ರಕ್ತ ಹೀರುವ ಆಫೀಸು ನಿನ್ನದೊಂದೇ ಅಂತ ನಾನು ರೇಗಿಸಿದರೆ, ನಿನ್ನ ಆಫೀಸಿನಲ್ಲಿ ಹೀರೋದಿಲ್ವಾ ಅಂತ ಕೇಳಿ ಬಾಯಿ ಮುಚ್ಚಿಸುತ್ತಾಳೆ.

ಹೊಸದರಲ್ಲಿ ತೋಳು ಊದಿಕೊಂಡು ರವಿಕೆಯ ತೋಳೇ ಏರುತ್ತಿರಲಿಲ್ಲವಂತೆ. ವರ್ಷಗಳು ಕಳೆದ ಹಾಗೆ ಊತ ಹೋಯಿತು, ತುರಿಕೆಯೂ ಹೋಯಿತು. ತುರಿಕೆ ಬರುವುದು ಸೊಳ್ಳೆಯ ಎಂಜಲಿನ ಮೇಲೆ ನಮ್ಮ ಮೈ ಜಗಳಕ್ಕೆ ನಿಲ್ಲುವುದರಿಂದ. ವರ್ಷಗಟ್ಟಲೆ ಕಚ್ಚಿಸಿಕೊಂಡರೆ ಕೆಲವರ ಮೈ ಜಗಳ ಸಾಕೆಂದು ಸುಮ್ಮನಾಗುತ್ತದೆ. ಪ್ರಯೋಗಾಲಯದ ಡಾಕ್ಟರಮ್ಮ ಹೀಗೆ ಬಿಡಿಸಿ ಹೇಳಿದ್ದನ್ನು ದೊಡ್ಡಮ್ಮ ಬಹುಮಾನ ಬಂದವಳಂತೆ ಎಲ್ಲರ ಮುಂದೆ ಹೇಳಿಕೊಂಡಿದ್ದಳು.

ಈ ಬೇಸಿಗೆಯಲ್ಲಿ ಅವಳ ಮೊಮ್ಮಗಳಿಗೆ, ಇನ್ನೂ ಅಂಬೆಗಾಲಿಡುವ ಕೂಸಿಗೆ, ಬೆಳಗಾದರೆ ಕೆನ್ನೆ ಕಾಲುಗಳ ಮೇಲೆ ಕೆಂಪು ದದ್ದು. ಅತ್ತಿಗೆ, ಅಂದರೆ ದೊಡ್ಡಮ್ಮನ ಸೊಸೆ, ಇದು ಸೊಳ್ಳೆ ಅಂದಳು. ದೊಡ್ಡಮ್ಮ ಬೆವರುಸಾಲೆ ಅಂದಳು, ಪೌಡರ್ ಹಾಕಿದಳು. ಪರದೆ ಕಟ್ಟಿದರೆ ಈ ಸೆಖೆಗೆ ಕೂಸು ಬೆಂದುಹೋಗುತ್ತೆ ಅಂತ ಬಿಚ್ಚಿಸಿದಳು.

"ಮನೇಲಿ ಸೊಳ್ಳೆ ಇದ್ದಿದ್ರೆ ಮೊದಲು ನನಗೆ ಗೊತ್ತಾಗ್ತಿರಲಿಲ್ವಾ?"

ಸೊಳ್ಳೆಯ ವಿಷಯದಲ್ಲಿ ಅವಳಿಗೆ ಎದುರಾಡುವವರು ಯಾರು? ಅವಳ ಮಗ ಕೋಲೆಬಸವನಂತೆ ತಲೆಯಾಡಿಸಿದ. ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ. ಒಂದು ಸಂಜೆ ನನ್ನೆದುರೇ ದೊಡ್ಡಮ್ಮ, ಮಗುವಿಗೆ ಕಂಡಕಂಡ ಕ್ರೀಮು ಬಳಿದು ತಪ್ಪನ್ನ ಸೊಳ್ಳೆ ಮೇಲೆ ಹಾಕ್ತಾಳೆ ಅಂದುಬಿಟ್ಟಳು. ಅತ್ತಿಗೆ ಮಗುವನ್ನು ಅತ್ತೆಯ ಮಡಿಲಲ್ಲಿ ಬಿಟ್ಟು ಒಳಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು. ತವರಿಗೆ ಹೋದರೆ ಅವಳು ಸುಲಭಕ್ಕೆ ವಾಪಸು ಬರುವವಳಲ್ಲ, ಅದು ನಮಗೆಲ್ಲ ಗೊತ್ತಿತ್ತು.

ದೊಡ್ಡಮ್ಮ ಮೊಮ್ಮಗಳನ್ನು ತಟ್ಟುತ್ತ ಕೂತಿದ್ದಳು. ಅವಳ ಮೊಣಕೈ ಹತ್ತಿರ ನನಗೊಂದು ಸೊಳ್ಳೆ ಕಂಡಿತು.

"ದೊಡ್ಡಮ್ಮ, ನಿನ್ನ ತೋಳು ನೋಡ್ಕೋ."

ಸೊಳ್ಳೆಯ ಹೊಟ್ಟೆ ಕೆಂಪಗೆ ಬಿರಿಯುವಷ್ಟು ತುಂಬಿತ್ತು. ಅವಳು ಹೊಡೆಯಲಿಲ್ಲ. ಅದು ಭಾರವಾಗಿ ಹಾರಿಹೋಗುವವರೆಗೂ ನೋಡಿದಳು. ಆಮೇಲೆ ಪಾದ ನೋಡಿಕೊಂಡಳು, ಅಲ್ಲೊಂದು ಕೂತಿತ್ತು. ಎರಡು ಕಚ್ಚಿದ್ದೂ ಅವಳಿಗೆ ತಿಳಿದಿರಲಿಲ್ಲ. ಮುಖ ಸಪ್ಪಗಾಯಿತು.

ಮಗುವನ್ನು ನನ್ನ ಕೈಗೆ ಕೊಟ್ಟು, ಟಾರ್ಚು ಹಿಡಿದು ಮನೆಯೆಲ್ಲ ಜಾಲಾಡಿದಳು. ಫ್ರಿಡ್ಜಿನ ಹಿಂದೆ ನೀರು ತೊಟ್ಟಿಕ್ಕುವ ತಟ್ಟೆಯಲ್ಲಿ ಮರಿಹುಳುಗಳು ಗಿಜಿಗುಡುತ್ತಿದ್ದವು. ಮೋಟಾರಿನ ಶಾಖ, ಹೊರಗಿನ ಸೆಖೆ. ಬೆಚ್ಚಗಿದ್ದಷ್ಟೂ ಹುಳು ಬೇಗ ಸೊಳ್ಳೆಯಾಗುತ್ತದೆ. ಪ್ರಯೋಗಾಲಯದವಕ್ಕಿಂತ ಇವೇ ಚೆನ್ನಾಗಿ ಮೈತುಂಬಿಕೊಂಡಿದ್ದವು. ತಟ್ಟೆಯನ್ನು ಅಂಗಳದ ಒಣನೆಲಕ್ಕೆ ಬಗ್ಗಿಸಿ ಬಂದು ಸೊಸೆಯ ಕೋಣೆಯ ಬಾಗಿಲಲ್ಲಿ ನಿಂತಳು.

"ಇಷ್ಟು ದಿನ ನನಗೂ ಕಚ್ಚಿದಾವೆ ಕಣೇ. ನನಗೆ ಗೊತ್ತೇ ಆಗಿಲ್ಲ. ತಪ್ಪಾಯ್ತು."

ಅತ್ತಿಗೆ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು.

"ಸೊಳ್ಳೆ ಕಚ್ಚಿದ್ದು ಗೊತ್ತಾಗಲಿಲ್ಲ, ಸರಿ ಅತ್ತೆ. ನಾನು ದಿನಾ ಅಳ್ತಿದ್ದದ್ದು?"

ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು.

"ಅದು ಗೊತ್ತಾಗ್ತಿತ್ತು," ಅಂದಳು.

ಇಲ್ಲ ಅಂದಿದ್ದರೆ ಅತ್ತಿಗೆ ಆವತ್ತೇ ಹೊರಟುಬಿಡುತ್ತಿದ್ದಳು ಅಂತ ನನಗನಿಸುತ್ತದೆ. ಅವಳು ಮಂಚದ ಮೇಲೆ ಕುಸಿದು, ಅತ್ತೆಯ ಎದುರಿಗೇ, ಮುಖ ಮುಚ್ಚಿಕೊಳ್ಳದೆ, ಗಟ್ಟಿಯಾಗಿ ಅತ್ತಳು. ದೊಡ್ಡಮ್ಮ ಪಕ್ಕದಲ್ಲಿ ಕೂತು ಪೂರ್ತಿ ಕೇಳಿಸಿಕೊಂಡಳು.