ಕೂಸಿನ ಕೌದಿಯ ಕಪ್ಪು ತುಂಡು

ಮಳೆ ಎರಡನೇ ವರ್ಷವೂ ಕೈಕೊಟ್ಟಾಗ ಮಗ ಹೈದರಾಬಾದಿಗೆ ಗೌಂಡಿ ಕೆಲಸಕ್ಕೆ ಹೋದ. ಸೊಸೆ ಕೂಸಿನ ಜೊತೆ ಭಾಲ್ಕಿಯಲ್ಲಿ ನನ್ನ ಹತ್ತಿರ ಉಳಿದಳು. ನಾನು ಹೊಲಿಯುವ ಕೂಸಿನ ಕೌದಿಗಳನ್ನು ಆಕೆ ಫೋನಿನಲ್ಲೇ ನೋಡಿ ಕೊಳ್ಳುವ ಅಂಗಡಿಗೆ ಮಾರಾಟಕ್ಕೆ ಹಾಕಿದಳು. ಅವು ಮಾರಿ ಹೋಗುತ್ತಿದ್ದರೆ ಆಕೆ ಇಲ್ಲೇ ಇರಬಹುದು. ಇಲ್ಲದಿದ್ದರೆ ಕೂಸನ್ನು ಕಟ್ಟಿಕೊಂಡು ಆ ಸಿಮೆಂಟಿನ ಧೂಳಿನಲ್ಲಿ ಹೋಗಿ ಬೀಳಬೇಕು.

ಫೋನಿನ ಅಂಗಡಿಗೆ ಬಣ್ಣಕ್ಕೊಂದು ಖಾನೆ, ಅಳತೆಗೊಂದು ಖಾನೆ ಬೇಕು. ಕೌದಿಗೆ ಒಂದೇ ಬಣ್ಣ ಎಲ್ಲಿಂದ ಬರಬೇಕು? ಔರಾದಿನ ತಂಗಿ ಕಳಿಸುವ ಹಳೇ ಸೀರೆ, ಬೀದರಿನ ದರ್ಜಿ ಕೊಡುವ ತುಂಡು, ಎಲ್ಲ ಕೂಡಿಸಿ ಹೊಲಿಯುತ್ತೇನೆ. ಕಡೆಗೆ ಸೊಸೆ ಯಾವ ಬಣ್ಣ ಹೆಚ್ಚು ಕಾಣುತ್ತದೋ ಅದರ ಹೆಸರಿಟ್ಟಳು: ಕೆಂಪು, ಹಸಿರು, ಹಳದಿ. ಅದನ್ನೂ ಒಪ್ಪಿಕೊಂಡೆ.

ಆದರೆ ನಮ್ಮ ಮನೆಯಲ್ಲಿ ಕೂಸಿನ ಕೌದಿಗೆ ದೃಷ್ಟಿಯಾಗದಂತೆ ಮೂಲೆಗೆ ಒಂದು ಕಪ್ಪು ತುಂಡು ಹಚ್ಚದೆ ಬಿಡುವುದಿಲ್ಲ. ಸೊಸೆಯೂ ಅಂಥ ಕೌದಿಯಲ್ಲೇ ಮಲಗಿ ಬೆಳೆದವಳು. ಅಂಗಡಿಯ ಖಾನೆಯಲ್ಲಿ ಅದನ್ನೂ ಬರೆಯಬೇಕೆಂದು ಆಕೆಗೆ ಹೊಳೆಯಲೇ ಇಲ್ಲ. ಫೋಟೋದಲ್ಲಿ ಕೌದಿ ಮಡಚಿದ್ದರಿಂದ ಮೂಲೆ ಕಾಣುತ್ತಿರಲಿಲ್ಲ. ಹಳದಿ ತರಿಸಿಕೊಂಡವರು ಕಪ್ಪು ಕಂಡು, ತೂತಿಗೆ ತೇಪೆ ಹಾಕಿ ಕಳಿಸಿದ್ದಾರೆ ಎಂದು ಬರೆದು ವಾಪಸ್ ಮಾಡಿದರು. ನನ್ನ ಹೊಸ ಕೌದಿಗೆ ತೂತಂತೆ.

ಅಂಗಡಿಯವರು ಫೋನ್ ಮಾಡಿ ಉಪಾಯ ಹೇಳಿದರು: ಕಪ್ಪು ತುಂಡು ಬೇಕು, ಬೇಡ ಎಂದು ಎರಡು ಖಾನೆ ಮಾಡಿ, ಗಿರಾಕಿ ಆರಿಸಿಕೊಳ್ಳಲಿ.

"ಹಂಗಾರ ಕೂಸಿನ ನಡಕ್ಕ ಕಟ್ಟೋ ಉಡದಾರಾನೂ ಬೇಕು, ಬ್ಯಾಡ ಅಂತ ಬರಿ," ಎಂದು ಸೊಸೆಗೆ ಅಂದೆ. "ದಿಷ್ಟಿ ಏನ್ ಖಾನಿ ನೋಡಿ ತಗಲ್ತದೇನ?"

"ಅತ್ತಿ, ಇನ್ನೊಂದ್ ವಾಪಸ್ ಬಂದ್ರ ಅಂಗಡಿ ಬಂದ್ ಮಾಡ್ತಾರಂತರಿ. ಆಮ್ಯಾಲ ನಿಮ್ಮ ಮೊಮ್ಮಗಳಿಗೇ ಕಪ್ಪು ಹಚ್ಚಿ ಹೈದರಾಬಾದಿಗಿ ಕಳಿಸ್ರಿ."

ಮಾತು ನಾಟಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಆಕೆ ಎರಡು ಖಾನೆ ಮಾಡಿದಳು. ಮೊದಲು ಬಂದ ಆರ್ಡರೇ ಬೇಡ ಎನ್ನುವವರದು, ಅದೂ ಹಳದಿ. ಹೊಲಿಯುವುದಿಲ್ಲ ಎಂದು ಸೂಜಿ ಕೆಳಗಿಟ್ಟೆ. ಮೊಮ್ಮಗಳು ಅಂಬೆಗಾಲಿಟ್ಟು ಬಂದು ಅದಕ್ಕೇ ಕೈ ಹಾಕಿದಳು. ಸೂಜಿ ಮತ್ತೆ ನನ್ನ ಕೈಗೆ ಬಂತು.

ಹೊಲಿದೆ. ಕಪ್ಪು ತುಂಡನ್ನು ಒಳಪದರದಲ್ಲಿಟ್ಟೆ. ಹಳದಿಯ ಕೆಳಗೆ ಮಬ್ಬಾಗಿ ಕಾಣುತ್ತದೆಂದು ಮೇಲೆ ಇನ್ನೆರಡು ಪದರ ಕೂಡಿಸಿದೆ. ಸೊಸೆ ಆ ಮೂಲೆ ಹಿಚುಕಿ ನೋಡಿದಳು, ದಪ್ಪಗಿತ್ತು. ಆ ಮೂಲೆ ಒಳಗೆ ಬರುವಂತೆ ಮಡಚಿ ಪಾಕೀಟಿಗೆ ಹಾಕಿದಳು.

ಅದು ವಾಪಸ್ ಬರಲಿಲ್ಲ. ಸೊಸೆ ಭಾಲ್ಕಿ ಬಿಡಲಿಲ್ಲ. ಈಗ ಬೇಡ ಎನ್ನುವವರೇ ಹೆಚ್ಚು. ಬೇಡವಂತೆ. ಇವರನ್ನು ಕೇಳಿದವರಾರು? ಎಲ್ಲರ ಕೂಸಿಗೂ ಒಳಗೆ ಕಪ್ಪು ಹಾಕಿಯೇ ಕಳಿಸುತ್ತೇನೆ.