ತೊಟ್ಟಿಲಿಲ್ಲದ ಬಾಣಂತನ

ಕೂಸು ಉಳಿಯಲಿಲ್ಲ. ಬಾಣಂತನ ಮಾತ್ರ ತಪ್ಪಲಿಲ್ಲ. ಗದಗಿನ ಆಸ್ಪತ್ರೆಯಿಂದ ನನ್ನನ್ನು ನೇರ ಮುಂಡರಗಿಯ ತವರುಮನೆಗೆ ಕರೆತಂದರು. ಅವ್ವ ಅಷ್ಟರಲ್ಲಾಗಲೇ ಹೊರಸಿನ ಕೆಳಗೆ ಕೆಂಡ ಇಡುವ ಅಗ್ಗಿಷ್ಟಿಕೆಯನ್ನು ತೊಳೆದು ಸಿದ್ಧ ಮಾಡಿದ್ದಳು. ಕಿವಿಗೆ ಅರಳೆ, ತಲೆಗೆ ಬಟ್ಟೆ, ಮುಂಜಾನೆ ಅಂಟಿನುಂಡಿ, ಮಧ್ಯಾಹ್ನ ಬಿಸಿ ಅನ್ನಕ್ಕೆ ಬೆಳ್ಳುಳ್ಳಿ ಸಾರು, ಸಂಜೆ ಲೋಬಾನದ ಹೊಗೆ. ಪಕ್ಕದಲ್ಲಿ ಕೂಸೊಂದು ಮಲಗಿಲ್ಲ ಅನ್ನುವುದನ್ನು ಬಿಟ್ಟರೆ ಯಾವುದಕ್ಕೂ ಕೊರತೆಯಿರಲಿಲ್ಲ.

"ಕೂಸು ಹೋತು ಅಂತ ಹಸಿ ಮೈ ಒಣಗತೈತೇನು? ಸುಮ್ಮನ ತಿನ್ನು" ಎಂದು ಅವ್ವ ಗದರುತ್ತಿದ್ದಳು. ತಿನ್ನುತ್ತಿದ್ದೆ. ರುಚಿ ಹತ್ತುತ್ತಿರಲಿಲ್ಲ. ಎದೆಹಾಲು ಮಾತ್ರ ಯಾರ ಮಾತನ್ನೂ ಕೇಳದೆ ಬಂತು. ಅವ್ವ ಹಳೆಯ ಸೀರೆ ಹರಿದು ಬಿಗಿಯಾಗಿ ಎದೆ ಕಟ್ಟಿದಳು. ನೋವಾಯಿತು, ಅಳು ಬರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ನಾನು ಇಡಿಯಾಗಿ ಜೋಮು ಹಿಡಿದು ಕೂತಿದ್ದೆ.

ಹೆಣ್ಣುಮಗು ಅಂತ ನರ್ಸ್ ಹೇಳಿದ್ದಳು. ನಾನು ನೋಡಲಿಲ್ಲ. ನನಗೆ ಎಚ್ಚರವಾಗುವಷ್ಟರಲ್ಲಿ ನನ್ನ ಗಂಡ ಅದನ್ನು ತಮ್ಮೂರು ಬೆಟಗೇರಿಗೆ ಒಯ್ದು, ನಮ್ಮ ಚರ್ಚಿನ ಸಭೆಯವರ ಸಮಾಧಿ ಜಾಗದಲ್ಲಿ ಮಣ್ಣು ಮಾಡಿಬಿಟ್ಟಿದ್ದರು. ಎಲ್ಲಿ, ಯಾವ ಗಿಡದ ಹತ್ತಿರ, ಯಾವ ಗೋಡೆಯ ಕಡೆ, ಏನೂ ಗೊತ್ತಿಲ್ಲ. ನನಗೆ ಬೇಕಾಗಿದ್ದು ಅದೊಂದೇ. ಅಲ್ಲಿ ಹೋಗಿ ನಿಲ್ಲಬೇಕು. ಬೇರೇನನ್ನೂ ಬೇಡುವ ಮನಸ್ಸೇ ಇರಲಿಲ್ಲ.

ಇಷ್ಟು ಸಣ್ಣ ಮಾತು, ಬಸ್ಸು ಹತ್ತಿದರೆ ಮುಗಿಯಿತು ಅಂತ ನಿಮಗೆ ಅನ್ನಿಸಬಹುದು. ಅಯ್ಯೋ, ನಮ್ಮವರ ರೀತಿ ರಿವಾಜು ನಿಮಗೇನು ಗೊತ್ತು! ಚೊಚ್ಚಲ ಬಾಣಂತಿ ತಾನಾಗಿ ಗಂಡನ ಮನೆಗೆ ಹೋಗುವಂತಿಲ್ಲ. ತವರಿನವರು "ಕಳಿಸ್ತೀವಿ" ಅಂತ ಹೇಳಬೇಕು, ಗಂಡನ ಕಡೆಯವರು ಕರೆಯಲು ಬರಬೇಕು, ಆಗ ತವರಿನ ತೊಟ್ಟಿಲು, ಕೂಸು, ತಾಯಿ ಎಲ್ಲವನ್ನೂ ಒಟ್ಟಿಗೆ ಕಳಿಸಬೇಕು. ನಾವು ಕ್ರೈಸ್ತರಾಗಿ ಎಷ್ಟೋ ತಲೆಮಾರಾಯಿತು. ತಾಯಿತ ಬಿಟ್ಟೆವು, ಪಂಚಾಂಗ ಬಿಟ್ಟೆವು, ಈ ತೊಟ್ಟಿಲೊಂದನ್ನು ಮಾತ್ರ ಬಿಡಲಿಲ್ಲ. ಈಗ ಕೂಸಿಲ್ಲ. ಬರಿಯ ಮಗಳನ್ನು ಹೇಗೆ ಕಳಿಸುವುದು ಅಂತ ಅವ್ವನಿಗೆ ತಿಳಿಯದು. ಬಡಿಗೇರನಿಗೆ ಹೇಳಿದ್ದ ತೊಟ್ಟಿಲನ್ನು ಅಪ್ಪ ಬೇಡವೆಂದು ಹೇಳಿ ಬಂದ ದಿನದಿಂದ ಆ ಮಾತನ್ನೇ ಯಾರೂ ಎತ್ತಲಿಲ್ಲ.

ನನ್ನ ಗಂಡ ಫೋನ್ ಮಾಡುತ್ತಿದ್ದರು. ಮಗ್ಗದ ಮುಂದೆ ಕೂತರೆ ಮಾತು ಮರೆಯುವ ಮನುಷ್ಯ, ಫೋನಿನಲ್ಲಂತೂ ಕೇಳಬೇಡಿ.

"ಊಟ ಆತೇನು?"

"ಆತು. ನಿಮ್ದು?"

"ಆತು."

ಎಲ್ಲಿ ಮಣ್ಣು ಮಾಡಿದಿರಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿರುತ್ತಿತ್ತು. ಕೇಳಿದರೆ ಆ ಮನುಷ್ಯ ಮಗ್ಗದಲ್ಲೇ ಕುಸಿಯುತ್ತಾರೇನೋ ಅಂತ ಭಯ. ಕೇಳದೆ ಇಡುತ್ತಿದ್ದೆ.

"ಅವ್ವಾ, ಕರಿಯಾಕ ಯಾವಾಗ ಬರ್ತಾರಂತ?" ಎಂದು ಒಮ್ಮೆ ಕೇಳಿದೆ.

"ಬರದ ಎಲ್ಲಿ ಹೋಗ್ತಾರ? ಊರಿಗೆ ಬಂದಾಕಿ ನೀರಿಗೆ ಬರೂದಿಲ್ಲೇನು? ದೇವರ ವ್ಯಾಳ್ಯಾ ಬರಬೇಕು, ಕಾಯಬೇಕು" ಅಂದಳು ಅವ್ವ.

ದೇವರ ವ್ಯಾಳ್ಯಾ! ಬಂದ ಬಂದವರ ಬಾಯಲ್ಲೆಲ್ಲ ಅದೇ. ಸಭೆಯ ಹೆಣ್ಣುಮಕ್ಕಳು ಬಂದು ಪ್ರಾರ್ಥನೆ ಮಾಡಿ, ಚಹಾ ಕುಡಿದು, ಅದೇ ಮಾತು ಹೇಳಿ ಹೋಗುತ್ತಿದ್ದರು. ನನಗೆ ಸಿಟ್ಟೂ ಬರುತ್ತಿರಲಿಲ್ಲ. ಎಲ್ಲರ ಜೊತೆ ಆಮೆನ್ ಅನ್ನುತ್ತಿದ್ದೆ. ಒಬ್ಬಳೇ ಇದ್ದಾಗ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಏನೂ ಬರುತ್ತಿರಲಿಲ್ಲ. "ಕರ್ತನೇ" ಅನ್ನುತ್ತಿದ್ದೆ, ಮುಂದಿನ ಮಾತು ಸಿಗದೆ ಕಣ್ಣು ತೆರೆಯುತ್ತಿದ್ದೆ. ದೇವರಿದ್ದಾನೆ ಎಂಬುದರಲ್ಲಿ ಸಂಶಯವಿರಲಿಲ್ಲ. ಇದ್ದಾನೆ, ಆಚೆ ಕೋಣೆಯಲ್ಲಿದ್ದಾನೆ, ನನ್ನನ್ನು ಕರೆಯುತ್ತಿಲ್ಲ ಅಷ್ಟೇ ಅಂದುಕೊಂಡಿದ್ದೆ.

ಬಾಣಂತನದ ದಿನಗಳೆಲ್ಲ ಮುಗಿದವು. ಅಗ್ಗಿಷ್ಟಿಕೆ ಅಟ್ಟ ಸೇರಿತು. ಕರೆಯಲು ಯಾರೂ ಬರಲಿಲ್ಲ.

ಒಂದು ದಿನ ಸಭೆಯ ಹಿರಿಯರೊಬ್ಬರು ಬಂದರು. ನನ್ನ ಅಜ್ಜನ ವಾರಿಗೆಯವರು, ಒಳ್ಳೆಯ ಜೀವ. ವಾಕ್ಯ ಓದಿ, ಮೊಣಕಾಲೂರಿ ಪ್ರಾರ್ಥಿಸಿ, ಏಳುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ಚಿಂತಿ ಮಾಡಬ್ಯಾಡವಾ. ಆತನ ವ್ಯಾಳ್ಯಾಕ್ಕ ಆತ ಮತ್ತ ಕೊಡ್ತಾನ."

ಅದೆಲ್ಲಿತ್ತೋ ಆ ಸಿಟ್ಟು, ಉಕ್ಕಿ ಬಂತು.

"ಮತ್ತ ಕೊಡೂದು ಆಮ್ಯಾಗಿರ್ಲಿ ಅಜ್ಜಾ. ಕೊಟ್ಟಿದ್ದನ್ನ ಎಲ್ಲಿಟ್ಟಾರ ಅಂತ ಮೊದಲ ನನಗ ತೋರಸ್ರಿ. ನಾ ಹಡದಾಕಿ ಅದೀನಿ. ಹಡದಾಕಿಗೆ ಯಾರರ ಒಬ್ರು ಹೇಳೀರೇನು?"

ಹಿರಿಯರ ಮುಂದೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಬೈಯಲಿಲ್ಲ. ಮತ್ತೆ ಕುರ್ಚಿಯ ಮೇಲೆ ಕೂತರು. ಆಮೇಲೆ ಅವ್ವನ ಕಡೆ ತಿರುಗಿ, "ಯವ್ವಾ, ಇದು ದೇವರು ತಡ ಮಾಡಿದ್ದಲ್ಲ. ನಾವ ಮಾಡಿದ್ದು. ಇಕಿನ್ನ ಕರಕೊಂಡು ಹೋಗು" ಅಂದರು.

"ಬರೀ ಕೈಲೆ ಹೆಂಗ ಹೋಗ್ಲಿರಿ?" ಅಂದಳು ಅವ್ವ. ಹಾಗನ್ನುತ್ತಲೇ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಇಷ್ಟು ದಿನ ನನ್ನ ಮುಂದೆ ಅವಳು ಅತ್ತಿರಲಿಲ್ಲ.

ಮರುದಿನ ಮುಂಜಾನೆ ಅವ್ವ, ನಾನು ಗದಗಿನ ಬಸ್ಸು ಹತ್ತಿದೆವು. ಡಂಬಳದಲ್ಲಿ ಒಬ್ಬ ಹೆಂಗಸು ಎಳೆಗೂಸನ್ನು ಎತ್ತಿಕೊಂಡು ಹತ್ತಿದಳು. ನನ್ನ ಪಕ್ಕ ಜಾಗ ಖಾಲಿಯಿತ್ತು. ಅವ್ವ ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ಸರಿದು ಕೂತೆ. ಕೂಸಿನ ಕಾಲು ದಾರಿಯುದ್ದಕ್ಕೂ ನನ್ನ ತೊಡೆಗೆ ತಾಗುತ್ತಿತ್ತು. ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಲಿ ಎಂದು ಕಾದೆ, ಅಷ್ಟರಲ್ಲಿ ಗದಗ ಬಂತು.

ಬೆಟಗೇರಿಯ ಮನೆಯ ಬಾಗಿಲಲ್ಲಿ ಅತ್ತೆ ಜೋಳ ಹಸನು ಮಾಡುತ್ತಿದ್ದರು. ನಮ್ಮನ್ನು ಕಂಡದ್ದೇ ಮೊರ ಕೆಳಗಿಟ್ಟು ಎದ್ದರು.

"ಕಳಸ್ತೀವಿ ಅಂತ ನೀವು ಒಂದು ಮಾತು ಹೇಳಲಿಲ್ಲ ನೋಡ್ರಿ ಬೀಗರ" ಅಂದರು.

"ಕರಿಯಾಕ ಬರ್ತೀರಿ ಅಂತ ನಾವು ಕಾದ್ವಿರಿ" ಅಂದಳು ಅವ್ವ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರೂ ತಪ್ಪು ಮಾಡಿರಲಿಲ್ಲ, ರೀತಿ ಪ್ರಕಾರವೇ ಕೂತಿದ್ದರು. ನಡುವೆ ಒಣಗಿದ್ದು ನಾನು. ಅತ್ತೆ ನನ್ನ ಕೈಹಿಡಿದು, "ಬಾರವಾ, ಒಳಗ ಬಾ" ಅಂದರು. ಒಳಗೆ ಮಗ್ಗದ ಸದ್ದು ನಿಂತಿತ್ತು. ನನ್ನ ಗಂಡ ಬಾಗಿಲಿಗೆ ಬಂದು ನಿಂತಿದ್ದರು. ಸೊರಗಿದ್ದರು. ಗಡ್ಡ ಬಿಟ್ಟಿದ್ದರು.

"ಊಟ ಆತೇನು?" ಅಂದರು.

ಅಂಥಾ ಹೊತ್ತಿನಲ್ಲೂ ನನಗೆ ನಗು ಬಂತು. "ಊಟ ಆಮ್ಯಾಗ್ರಿ. ಅಕಿ ಎಲ್ಲಿ ಅದಾಳ, ತೋರಸ್ರಿ" ಅಂದೆ.

ಇಬ್ಬರೇ ನಡೆದುಕೊಂಡು ಹೋದೆವು. ಸಮಾಧಿ ಜಾಗದ ಹಿಂದಿನ ಗೋಡೆಗೆ ಹತ್ತಿ ಒಂದು ಬೇವಿನ ಗಿಡ. ಅದರ ಬುಡದಲ್ಲಿ, ಸುತ್ತ ಸಣ್ಣ ಕಲ್ಲು ಜೋಡಿಸಿದ ಒಂದು ಮೊಳದ ದಿಬ್ಬ. ಹುಲ್ಲು ಕಿತ್ತು ಯಾರೋ ಹಸನಾಗಿ ಇಟ್ಟಿದ್ದರು. ಯಾರೋ ಏನು, ಅವರೇ. ತಲೆಯ ಕಡೆ ಕಟ್ಟಿಗೆಯ ಪುಟ್ಟ ಶಿಲುಬೆ. ಅದರ ಮೇಲೆ ಏನೂ ಬರೆದಿರಲಿಲ್ಲ.

"ಹೆಸರ ಯಾಕ ಬರದಿಲ್ಲ?" ಅಂದೆ.

ಅವರು ಬಗ್ಗಿ, ಜರುಗಿದ ಕಲ್ಲೊಂದನ್ನು ಸರಿಮಾಡಿದರು. "ಮಣ್ಣ ಮಾಡೂಮುಂದ ಚರ್ಚಿನ ಅಯ್ಯನವರು ಹೆಸರ ಕೇಳಿದರು. ಅಕಿ ತಾಯಿ ಬರ್ಲಿ ಅಂದೆ. ನಾ ಒಬ್ಬನ ಇಟ್ಟರ ನಂದೊಬ್ಬಂದ ಆಗಿಬಿಡತಿತ್ತು. ನೀ ಬರೂತನಕಾ ಹಂಗ ಇರ್ಲಿ ಅಂತ ಬಿಟ್ಟೆ."

ನಾನು ದಿಬ್ಬದ ಪಕ್ಕ ಕೂತೆ. ಹೊಟ್ಟೆಯಲ್ಲಿದ್ದಾಗ ಯಾರಿಗೂ ಹೇಳದೆ ಅವಳನ್ನು ಕರೆಯುತ್ತಿದ್ದ ಹೆಸರೊಂದಿತ್ತು. ಅದನ್ನು ಹೇಳಿದೆ. ಅವರು ಒಂದು ಸಲ ಮೆಲ್ಲಗೆ, ಮತ್ತೊಂದು ಸಲ ಜೋರಾಗಿ ಹೇಳಿದರು. ಆಮೇಲೆ ಮಣ್ಣಿನ ಮೇಲೆ ಕೈಯೂರಿ, ದನಿ ತೆಗೆದು ಅತ್ತರು.

ನನಗೆ ಆಗಲೂ ಅಳು ಬರಲಿಲ್ಲ. ಕಣ್ಣು ಮುಚ್ಚಿ "ಕರ್ತನೇ" ಅಂದೆ. ಅವತ್ತು ಮುಂದಿನ ಮಾತು ಬಂತು. "ನಿನ್ನ ರಾಜ್ಯದಾಗ ಇಕಿನ್ನ ನನ್ನ ಕೈಯಾಗ ಯಾವಾಗ ಕೊಡ್ತಿ, ಅದು ನಿನ್ನ ವ್ಯಾಳ್ಯಾ. ಕಾಯ್ತೀನಿ. ಅಲ್ಲೀತನಕಾ ಇಕಿನ್ನ ಹೆಸರ ಹಿಡದ ಕರಿ."